ವಿಜ್ಞಾನದ ತರಗತಿಯಲ್ಲಿ ಆದಿಕಾಂಡ: ಡೋವರ್ ಮೊಕದ್ದಮೆ ಹೇಳುವುದೇನು?

2005ರ ಜನವರಿ ತಿಂಗಳು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಡೋವರ್ ಎಂಬ ಸಣ್ಣ ಊರಿನ ಸರಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಯ ಜೀವಶಾಸ್ತ್ರದ ಪಾಠ ಆರಂಭವಾಗುವ ಮುನ್ನ ವಿಜ್ಞಾನದ ಶಿಕ್ಷಕರು ತರಗತಿಯಿಂದ ಹೊರಗೆ ನಡೆದರು. ಅವರ ಜಾಗಕ್ಕೆ ಶಾಲಾ ಆಡಳಿತದ ಅಧಿಕಾರಿಯೊಬ್ಬರು ಬಂದು ಒಂದು ಹೇಳಿಕೆಯನ್ನು ಓದಿದರು. ಹೇಳಿಕೆ ಇದ್ದದ್ದು ನಾಲ್ಕೇ ಪರಿಚ್ಛೇದ. ಡಾರ್ವಿನ್ನನ ವಿಕಾಸವಾದ ಒಂದು ಸಿದ್ಧಾಂತವೇ ಹೊರತು ಸತ್ಯಸಂಗತಿಯಲ್ಲ, ಅದರಲ್ಲಿ ಆಧಾರ ಸಿಗದ ಕಂದಕಗಳಿವೆ, ಜೀವದ ಮೂಲದ ಬಗ್ಗೆ ‘ಬುದ್ಧಿಯುತ ವಿನ್ಯಾಸ’ ಎಂಬ ಬೇರೊಂದು ವಿವರಣೆ ಇದೆ, ಆಸಕ್ತಿ ಇದ್ದವರು ಆ ಕುರಿತ ಪುಸ್ತಕವನ್ನು ನೋಡಬಹುದು ಎಂಬುದು ಅದರ ಸಾರ. ಮಕ್ಕಳು ಪ್ರಶ್ನೆ ಕೇಳುವಂತಿರಲಿಲ್ಲ. ಓದಿದವರು ಹೊರಗೆ ಹೋದರು, ಶಿಕ್ಷಕರು ಒಳಗೆ ಬಂದರು, ಪಾಠ ಮುಂದುವರಿಯಿತು.

ಓದಲು ಒಂದೆರಡು ನಿಮಿಷವೂ ಬೇಡದ ಈ ಹೇಳಿಕೆಯ ವಿಚಾರಣೆಗೆ ನ್ಯಾಯಾಲಯ ಆರು ವಾರ ತೆಗೆದುಕೊಂಡಿತು. ‘ಕಿಟ್ಜ್‌ಮಿಲ್ಲರ್ ವಿರುದ್ಧ ಡೋವರ್ ಶಾಲಾ ಜಿಲ್ಲೆ’ ಎಂದು ಹೆಸರಾದ ಆ ಮೊಕದ್ದಮೆಯನ್ನು ಪತ್ರಿಕೆಗಳು ದೇವರು ಮತ್ತು ಡಾರ್ವಿನ್ ನಡುವಿನ ಯುದ್ಧವೆಂಬಂತೆ ಚಿತ್ರಿಸಿದವು. ವಾಸ್ತವವಾಗಿ ಅದು ಹಾಗಿರಲಿಲ್ಲ. ದಾವೆ ಹೂಡಿದ ಹನ್ನೊಂದು ಮಂದಿ ಹೆತ್ತವರಲ್ಲಿ ಮಕ್ಕಳಿಗೆ ರಜಾಕಾಲದ ಬೈಬಲ್ ಶಿಬಿರ ನಡೆಸುತ್ತಿದ್ದವರೇ ಇದ್ದರು. ಇನ್ನೂ ಮುಖ್ಯವಾಗಿ, ಎರಡೂ ಕಡೆಯ ಪ್ರಮುಖ ವಿಜ್ಞಾನಿ ಸಾಕ್ಷಿಗಳು ಕಥೋಲಿಕರು. ಆದ್ದರಿಂದ ಈ ಪ್ರಕರಣವನ್ನು ನಾವು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಉಚಿತ.

ಹಿನ್ನೆಲೆ

ಅಮೆರಿಕದಲ್ಲಿ ಈ ಜಗಳ ಹಳೆಯದು. 1925ರಲ್ಲಿ ಟೆನೆಸ್ಸೀ ರಾಜ್ಯ, ಮನುಷ್ಯನು ಕೆಳವರ್ಗದ ಪ್ರಾಣಿಗಳಿಂದ ಬಂದನೆಂದು ಸರಕಾರಿ ಶಾಲೆಗಳಲ್ಲಿ ಕಲಿಸಬಾರದು ಎಂದು ಕಾನೂನು ಮಾಡಿತು. ಅದೇ ವರ್ಷದ ಜುಲೈಯಲ್ಲಿ ಡೇಟನ್ ಎಂಬ ಊರಿನಲ್ಲಿ ಜಾನ್ ಸ್ಕೋಪ್ಸ್ ಎಂಬ ತರುಣ ಶಿಕ್ಷಕನ ಮೇಲೆ ಮೊಕದ್ದಮೆ ನಡೆದು 100 ಡಾಲರ್ ದಂಡ ಬಿತ್ತು. ಮುಂದೆ ತಾಂತ್ರಿಕ ಕಾರಣಕ್ಕೆ ಆ ದಂಡ ರದ್ದಾಯಿತಾದರೂ ಕಾನೂನು ಮಾತ್ರ 1967ರವರೆಗೂ ಉಳಿಯಿತು. 1968ರಲ್ಲಿ ಅರ್ಕನ್ಸಾ ರಾಜ್ಯದ ಇಂಥದೇ ನಿಷೇಧವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅಸಿಂಧುಗೊಳಿಸಿತು. ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿಯ ಪ್ರಕಾರ ಸರಕಾರವು ಯಾವ ಧರ್ಮವನ್ನೂ ತನ್ನದಾಗಿ ಮಾಡಿಕೊಳ್ಳುವಂತಿಲ್ಲ. ಸರಕಾರಿ ಶಾಲೆ ಸರಕಾರದ ಅಂಗ. ಖಾಸಗಿ ಶಾಲೆಗಳಿಗೆ, ಅಂದರೆ ಅಲ್ಲಿನ ಕಥೋಲಿಕ ಶಾಲೆಗಳಿಗೆ, ಈ ನಿರ್ಬಂಧವಿಲ್ಲ ಎಂಬುದನ್ನು ಗಮನಿಸಬೇಕು.

ನಿಷೇಧ ನಡೆಯದೆಂದಾದಾಗ ಸೃಷ್ಟಿವಾದಿಗಳು ದಾರಿ ಬದಲಿಸಿದರು. ‘ಸೃಷ್ಟಿ ವಿಜ್ಞಾನ’ ಎಂಬ ಹೆಸರಿನಲ್ಲಿ, ವಿಕಾಸವಾದಕ್ಕೆ ಕೊಟ್ಟಷ್ಟೇ ಸಮಯವನ್ನು ಇದಕ್ಕೂ ಕೊಡಿ ಎಂದು ಕೇಳಿದರು. ಭೂಮಿಗೆ ಕೆಲವೇ ಸಾವಿರ ವರ್ಷ ವಯಸ್ಸು, ನೋಹನ ಜಲಪ್ರಳಯವೇ ಕಲ್ಲಿನ ಪದರಗಳನ್ನು ಉಂಟುಮಾಡಿತು ಎಂಬಿತ್ಯಾದಿ ವಾದಗಳು ಅದರಲ್ಲಿದ್ದವು. ಸಮಾನ ಸಮಯ ಕೊಡಬೇಕೆಂದು ಅರ್ಕನ್ಸಾ 1981ರಲ್ಲಿ ಕಾನೂನು ಮಾಡಿದಾಗ ಅದರ ವಿರುದ್ಧ ನ್ಯಾಯಾಲಯಕ್ಕೆ ಹೋದವರಲ್ಲಿ ಆ ರಾಜ್ಯದ ಕಥೋಲಿಕ ಬಿಷಪರೂ, ಮೆಥಡಿಸ್ಟ್ ಹಾಗೂ ಎಪಿಸ್ಕೋಪಲ್ ಸಭೆಗಳ ಬಿಷಪರೂ ಇದ್ದರು! ಒಂದು ಪಂಗಡದ ಬೈಬಲ್ ವ್ಯಾಖ್ಯಾನವನ್ನು ಸರಕಾರ ಎಲ್ಲರ ಮಕ್ಕಳಿಗೂ ವಿಜ್ಞಾನವೆಂದು ಕಲಿಸುವುದನ್ನು ಅವರು ಒಪ್ಪಲಿಲ್ಲ. 1982ರಲ್ಲಿ ಆ ಕಾನೂನು ಬಿದ್ದುಹೋಯಿತು. 1987ರ ಜೂನ್‌ನಲ್ಲಿ ಲೂಸಿಯಾನಾದ ಇದೇ ಬಗೆಯ ಕಾನೂನನ್ನು ಸರ್ವೋಚ್ಚ ನ್ಯಾಯಾಲಯ ಏಳು–ಎರಡರ ಬಹುಮತದಿಂದ ತಳ್ಳಿಹಾಕಿತು.

ಆ ಮೇಲೆ ಕೇಳಿಬಂದ ಹೆಸರೇ ‘ಬುದ್ಧಿಯುತ ವಿನ್ಯಾಸ’. ಜೀವಿಗಳ ಕೆಲವು ಅಂಗಗಳು ಎಷ್ಟು ಸಂಕೀರ್ಣವೆಂದರೆ ಅವು ತಾವಾಗಿ ಹಂತಹಂತವಾಗಿ ಆಗಿರಲು ಸಾಧ್ಯವಿಲ್ಲ, ಯಾವುದೋ ಬುದ್ಧಿಶಕ್ತಿ ಅವನ್ನು ರೂಪಿಸಿರಬೇಕು ಎಂಬ ವಾದವಿದು. ರೂಪಿಸಿದವನು ಯಾರು ಎಂದು ಅದು ಹೇಳುವುದಿಲ್ಲ. ದೇವರು ಎಂಬ ಮಾತನ್ನು ಬೇಕೆಂದೇ ಬಳಸುವುದಿಲ್ಲ. ಬಳಸಿದರೆ ನ್ಯಾಯಾಲಯದ ಬಾಗಿಲಲ್ಲೇ ಸೋಲು ಎಂಬುದು ಎಲ್ಲರಿಗೂ ಗೊತ್ತಿತ್ತು.

ಡೋವರ್‌ನಲ್ಲಿ ನಡೆದದ್ದು

2004ರ ಅಕ್ಟೋಬರ್ 18ರಂದು ಡೋವರ್ ಶಾಲಾ ಮಂಡಳಿ ಆರು–ಮೂರು ಮತಗಳಿಂದ ನಿರ್ಣಯವೊಂದನ್ನು ಅಂಗೀಕರಿಸಿತು. ಡಾರ್ವಿನ್ ಸಿದ್ಧಾಂತದ ಕೊರತೆಗಳನ್ನೂ ಬುದ್ಧಿಯುತ ವಿನ್ಯಾಸವನ್ನೂ ವಿದ್ಯಾರ್ಥಿಗಳ ಗಮನಕ್ಕೆ ತರಬೇಕು ಎಂಬುದೇ ಆ ನಿರ್ಣಯ. ಅಮೆರಿಕದಲ್ಲಿ ಶಾಲಾ ಮಂಡಳಿಗೆ ಊರವರೇ ಮತಹಾಕಿ ಆರಿಸುತ್ತಾರೆ. ಪಠ್ಯದ ಮೇಲೆ ಅದಕ್ಕೆ ಸಾಕಷ್ಟು ಅಧಿಕಾರವಿದೆ. ವಿರೋಧಿಸಿದ ಮೂವರಲ್ಲಿ ಗಂಡ–ಹೆಂಡತಿಯಾಗಿದ್ದ ಇಬ್ಬರು ಆ ರಾತ್ರಿಯೇ ರಾಜೀನಾಮೆ ಕೊಟ್ಟು ಹೊರನಡೆದರು. ‘ನೀನು ಕ್ರಿಸ್ತನಲ್ಲಿ ಹೊಸ ಜನ್ಮ ಪಡೆದವಳೇ’ ಎಂದು ಮಂಡಳಿಯ ಸಹಸದಸ್ಯರು ತನ್ನನ್ನು ಕೇಳಿದ್ದಾಗಿ ಆ ಮಹಿಳೆ ಹೇಳಿದರು. ಶಾಲಾ ಮಂಡಳಿಯ ಸಭೆಯಲ್ಲಿ ಕೂರಲು ಬೇಕಾದ ಅರ್ಹತೆ ಅದೆಂದು ಯಾವ ಕಾನೂನೂ ಹೇಳುವುದಿಲ್ಲ.

ವಿಜ್ಞಾನ ಶಿಕ್ಷಕರು ಹೇಳಿಕೆ ಓದಲು ಒಪ್ಪಲಿಲ್ಲ. ಪಾಠದ ವಿಷಯವನ್ನು ಗೊತ್ತಿದ್ದೂ ತಪ್ಪಾಗಿ ಹೇಳಬಾರದೆಂದು ತಮ್ಮ ವೃತ್ತಿನಿಯಮವೇ ಹೇಳುತ್ತದೆ, ಬುದ್ಧಿಯುತ ವಿನ್ಯಾಸ ವಿಜ್ಞಾನವಲ್ಲ, ಆದ್ದರಿಂದ ಓದಲಾರೆವು ಎಂದು ಅವರು ಲಿಖಿತವಾಗಿ ತಿಳಿಸಿದರು. ಕೆಲಸ ಹೋಗಬಹುದೆಂಬ ಅಂಜಿಕೆ ಇದ್ದೂ ಹೀಗೆ ಬರೆದು ಕೊಟ್ಟ ಆ ಶಿಕ್ಷಕರ ಬಗ್ಗೆ ನಮ್ಮ ಶಾಲೆಗಳ ಶಿಕ್ಷಕರಿಗೆ ಗೌರವ ಮೂಡದೆ ಇರದು.

ಇಲ್ಲಿ ‘ಸಿದ್ಧಾಂತ’ ಎಂಬ ಮಾತಿನ ಬಗ್ಗೆ ಒಂದೆರಡು ಮಾತು ಅಗತ್ಯ. ಇಂಗ್ಲಿಷಿನ ‘ಥಿಯರಿ’ ಪದಕ್ಕೆ ಆಡುಮಾತಿನಲ್ಲಿ ಬರೇ ಊಹೆ ಎಂಬ ಅರ್ಥವೂ ಇದೆ. ಡೋವರ್‌ನ ಹೇಳಿಕೆ ಆಟವಾಡಿದ್ದು ಅದರ ಮೇಲೆಯೇ. ಕನ್ನಡದ ಸಿದ್ಧಾಂತ ಪದದಲ್ಲಿ ಈ ತೊಡಕಿಲ್ಲ; ವಾದ–ಪ್ರತಿವಾದಗಳನ್ನು ದಾಟಿ ಕೊನೆಗೆ ಸ್ಥಿರಪಟ್ಟದ್ದು ಎಂಬುದೇ ಅದರ ಮೂಲಾರ್ಥ. ವಿಜ್ಞಾನದಲ್ಲಿಯೂ ಅಷ್ಟೇ. ರೋಗಾಣುಗಳಿಂದ ರೋಗ ಬರುತ್ತದೆ ಎಂಬುದೂ ಸಿದ್ಧಾಂತವೇ, ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬುದೂ ಸಿದ್ಧಾಂತವೇ. ಆದರೂ ನಮ್ಮಲ್ಲಿ ‘ಅದೆಲ್ಲ ಬರೇ ಥಿಯರಿ’ ಎಂದು ತಳ್ಳಿಬಿಡುವ ರೂಢಿ ಬಂದುಬಿಟ್ಟಿದೆ.

ಕಟಕಟೆಯಲ್ಲಿ ಇಬ್ಬರು ಕಥೋಲಿಕ ವಿಜ್ಞಾನಿಗಳು

ವಿಚಾರಣೆ 2005ರ ಸೆಪ್ಟೆಂಬರ್ 26ರಂದು ಹ್ಯಾರಿಸ್‌ಬರ್ಗ್ ನಗರದ ಫೆಡರಲ್ ನ್ಯಾಯಾಲಯದಲ್ಲಿ ಆರಂಭವಾಯಿತು. ನ್ಯಾಯಾಧೀಶರು ಜಾನ್ ಇ. ಜೋನ್ಸ್. ಸ್ವತಃ ಚರ್ಚಿಗೆ ಹೋಗುವವರು, ರಿಪಬ್ಲಿಕನ್ ಪಕ್ಷದ ಹಿನ್ನೆಲೆಯವರು, ಅಧ್ಯಕ್ಷ ಜಾರ್ಜ್ ಬುಷ್ ಅವರಿಂದ 2002ರಲ್ಲಿ ನೇಮಕಗೊಂಡವರು. ಹಾಗಾಗಿ ತೀರ್ಪು ಯಾವ ಕಡೆಗೆ ಎಂದು ಅನೇಕರು ಮೊದಲೇ ಲೆಕ್ಕ ಹಾಕಿದ್ದರು.

ಹೆತ್ತವರ ಪರವಾಗಿ ಮೊದಲ ಸಾಕ್ಷಿ ಬ್ರೌನ್ ವಿಶ್ವವಿದ್ಯಾನಿಲಯದ ಜೀವಶಾಸ್ತ್ರಜ್ಞ ಕೆನೆತ್ ಮಿಲ್ಲರ್. ಡೋವರ್ ಶಾಲೆಯಲ್ಲಿ ಬಳಸುತ್ತಿದ್ದ ಜೀವಶಾಸ್ತ್ರದ ಪಠ್ಯಪುಸ್ತಕದ ಲೇಖಕರಲ್ಲಿ ಒಬ್ಬರು. ಕಥೋಲಿಕರು. ಅವರು ಮಂಡಿಸಿದ ಒಂದು ಪುರಾವೆಯನ್ನು ನೋಡೋಣ, ಏಕೆಂದರೆ ವಿಕಾಸವಾದವನ್ನು ಪರೀಕ್ಷೆಗೆ ಒಡ್ಡಲಾಗದು ಎಂಬ ಆಕ್ಷೇಪಕ್ಕೆ ಅದು ನೇರ ಉತ್ತರ.

ಮನುಷ್ಯನ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್ ಈ ಮೂರರಲ್ಲೂ 24 ಜೊತೆ. ಎಲ್ಲರಿಗೂ ಒಂದೇ ಮೂಲ ಪೂರ್ವಜ ಇದ್ದದ್ದೇ ನಿಜವಾದರೆ ಮನುಷ್ಯನಲ್ಲಿ ಒಂದು ಜೊತೆ ಏನಾಯಿತು? ಸುಮ್ಮನೆ ಕಳೆದುಹೋಗಿರಲು ಸಾಧ್ಯವಿಲ್ಲ, ಅಷ್ಟೊಂದು ಜೀನ್‌ಗಳು ಹೋದರೆ ಜೀವಿ ಬದುಕುವುದಿಲ್ಲ. ಹಾಗಾದರೆ ಎರಡು ವರ್ಣತಂತುಗಳು ತುದಿಗೆ ತುದಿ ಸೇರಿ ಒಂದಾಗಿರಬೇಕು. ವರ್ಣತಂತುವಿನ ಎರಡು ತುದಿಗಳಲ್ಲಿ, ಶೂ ಲೇಸಿನ ತುದಿಯ ಪ್ಲಾಸ್ಟಿಕ್ ಕೊಳವೆಯಂತೆ, ಗುರುತಿಸಬಹುದಾದ ಒಂದು ವಿಶೇಷ ರಚನೆ ಇರುತ್ತದೆ. ಸೇರಿಕೆ ನಡೆದದ್ದು ಹೌದಾದರೆ ಮನುಷ್ಯನ ಯಾವುದಾದರೊಂದು ವರ್ಣತಂತುವಿನ ನಡುಭಾಗದಲ್ಲಿ ಈ ತುದಿಯ ಗುರುತು ಸಿಗಬೇಕು. ಸಿಗದಿದ್ದರೆ ಸಿದ್ಧಾಂತಕ್ಕೆ ಪೆಟ್ಟು. ಹುಡುಕಿದಾಗ ಅದು ಮನುಷ್ಯನ ಎರಡನೇ ವರ್ಣತಂತುವಿನ ನಡುವೆ ಸಿಕ್ಕಿತು. ಜೊತೆಗೆ, ಪ್ರತಿ ವರ್ಣತಂತುವಿಗೂ ಇರುವ ಒಂದು ಕೇಂದ್ರಬಿಂದುವಿನ ಬದಲು ಅದರಲ್ಲಿ ಎರಡರ ಕುರುಹುಗಳಿದ್ದವು, ಒಂದು ಈಗ ಕೆಲಸ ಮಾಡುತ್ತಿಲ್ಲವಷ್ಟೇ.

ಶಾಲಾ ಮಂಡಳಿಯ ಪರವಾಗಿ ಬಂದವರು ಲೀಹೈ ವಿಶ್ವವಿದ್ಯಾನಿಲಯದ ಜೀವರಸಾಯನಶಾಸ್ತ್ರಜ್ಞ ಮೈಕೆಲ್ ಬೀಹಿ. ಅವರೂ ಕಥೋಲಿಕರೇ. ಭೂಮಿಯ ವಯಸ್ಸು ಕೋಟ್ಯಂತರ ವರ್ಷವೆಂಬುದನ್ನಾಗಲಿ, ಜೀವಿಗಳಿಗೆ ಸಮಾನ ಪೂರ್ವಜರಿದ್ದರೆಂಬುದನ್ನಾಗಲಿ ಅವರು ಅಲ್ಲಗಳೆಯುವವರಲ್ಲ. ಅವರನ್ನು ಹಳೆಯ ಸೃಷ್ಟಿವಾದಿಗಳ ಸಾಲಿಗೆ ಸೇರಿಸುವುದು ಅನ್ಯಾಯ. ಕೆಲವು ಯಂತ್ರದಂತಹ ರಚನೆಗಳಲ್ಲಿ ಒಂದು ಭಾಗ ತೆಗೆದರೂ ಇಡೀ ರಚನೆ ನಿಷ್ಪ್ರಯೋಜಕ, ಆದುದರಿಂದ ಅವು ತುಣುಕು ತುಣುಕಾಗಿ ಬಂದಿರಲಾರವು ಎಂಬುದು ಅವರ ವಾದ. ಇಲಿಬೋನು ಅವರ ಪ್ರಸಿದ್ಧ ಉದಾಹರಣೆ. ಜೀವಲೋಕದಿಂದ ಅವರು ಕೊಡುವ ಉದಾಹರಣೆ ಬ್ಯಾಕ್ಟೀರಿಯಾದ ಬಾಲ. ನಮ್ಮ ಮೀನುಗಾರರ ದೋಣಿಯ ಹಿಂದೆ ಕಟ್ಟುವ ಔಟ್‌ಬೋರ್ಡ್ ಎಂಜಿನ್‌ನಂತೆ ಗಿರಗಿರನೆ ತಿರುಗಿ ಬ್ಯಾಕ್ಟೀರಿಯಾವನ್ನು ಮುಂದಕ್ಕೆ ತಳ್ಳುವ ಬಾಲ ಅದು. ನೋಡಿದವರು ಬೆರಗಾಗದೆ ಇರಲಾರರು.

ಮಿಲ್ಲರ್ ಕೊಟ್ಟ ಉತ್ತರವೂ ಸ್ವಾರಸ್ಯಕರ. ಆ ಎಂಜಿನ್‌ನಿಂದ ಹಲವು ಭಾಗಗಳನ್ನು ಕಳಚಿದರೂ ಉಳಿದದ್ದು ನಿಷ್ಪ್ರಯೋಜಕವಾಗುವುದಿಲ್ಲ. ಅಂಥದೇ ಉಳಿಕೆ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಬೇರೆ ಕೋಶಗಳಿಗೆ ವಿಷ ಚುಚ್ಚುವ ಸೂಜಿಯಾಗಿ ಕೆಲಸ ಮಾಡುತ್ತಿದೆ. ಇಲಿಬೋನಿನ ಎರಡು ಭಾಗ ತೆಗೆದರೆ ಇಲಿ ಸಿಕ್ಕದೆ ಇರಬಹುದು, ಟೈಗೆ ಸಿಕ್ಕಿಸುವ ಕ್ಲಿಪ್ಪಾಗಿ ಅದು ಉಪಯೋಗಕ್ಕೆ ಬರುತ್ತದೆ. ಪ್ರಕೃತಿಯಲ್ಲಿ ಒಂದು ಕೆಲಸಕ್ಕಿದ್ದ ಭಾಗ ಇನ್ನೊಂದು ಕೆಲಸಕ್ಕೆ ಒದಗುವುದು ಹೊಸತಲ್ಲ.

ಪಾಟೀಸವಾಲಿನಲ್ಲಿ ಬೀಹಿಯವರು ತೊಂದರೆಗೆ ಸಿಲುಕಿದರು. ರೋಗನಿರೋಧಕ ವ್ಯವಸ್ಥೆಯ ವಿಕಾಸಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ ಎಂದು ಅವರು ಬರೆದಿದ್ದರು. ವಕೀಲರು ಆ ವಿಷಯದ 58 ಸಂಶೋಧನಾ ಲೇಖನಗಳನ್ನೂ ಒಂಬತ್ತು ಪುಸ್ತಕಗಳನ್ನೂ ಅವರ ಮುಂದೆ ರಾಶಿ ಹಾಕಿದರು. ಇವು ಸಾಲವು ಎಂದಷ್ಟೇ ಅವರು ಹೇಳಿದರು. ವಿಜ್ಞಾನದ ಸಿದ್ಧಾಂತಕ್ಕೆ ಅವರು ಕೊಡುವ ಸಡಿಲ ವ್ಯಾಖ್ಯೆಯ ಪ್ರಕಾರ ಜ್ಯೋತಿಷ್ಯವೂ ವಿಜ್ಞಾನವಾಗುತ್ತದೆಯಲ್ಲವೇ ಎಂದು ಕೇಳಿದಾಗ ಹೌದೆಂದು ಒಪ್ಪಿಕೊಂಡರು.

ಮೂರನೆಯ ಕಥೋಲಿಕ ಸಾಕ್ಷಿ ವಿಜ್ಞಾನಿಯಲ್ಲ, ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದ ದೈವಶಾಸ್ತ್ರಜ್ಞ ಜಾನ್ ಹಾಟ್. ನನ್ನ ಮಟ್ಟಿಗೆ ಇಡೀ ವಿಚಾರಣೆಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಮಾತು ಆಡಿದವರು ಇವರೇ. ಒಲೆಯ ಮೇಲೆ ನೀರು ಕುದಿಯುತ್ತಿದೆ. ಏಕೆ ಕುದಿಯುತ್ತಿದೆ ಎಂದು ಕೇಳಿದರೆ, ನೀರಿನ ಕಣಗಳು ವೇಗವಾಗಿ ಚಲಿಸುತ್ತಿವೆ ಎಂದು ಒಬ್ಬರು ಹೇಳಬಹುದು. ಹೆಂಡತಿ ಗ್ಯಾಸ್ ಹಚ್ಚಿದಳು ಎಂದೂ ಹೇಳಬಹುದು. ನನಗೆ ಚಹಾ ಬೇಕು, ಅದಕ್ಕೆ ಎಂದೂ ಹೇಳಬಹುದು. ಮೂರೂ ನಿಜ. ಒಂದರಿಂದ ಇನ್ನೊಂದು ಸುಳ್ಳಾಗುವುದಿಲ್ಲ. ನೀರಿನ ಕಣಗಳ ನಡುವೆ ಚಹಾದ ಆಸೆಯನ್ನು ಸೂಕ್ಷ್ಮದರ್ಶಕ ಹಿಡಿದು ಹುಡುಕಿದರೆ ಸಿಗುವುದಿಲ್ಲ ಎಂಬ ಕಾರಣಕ್ಕೆ ಚಹಾ ಬೇಡವೆಂದಾಗಲಿಲ್ಲ. ಬುದ್ಧಿಯುತ ವಿನ್ಯಾಸ ಮಾಡುವ ತಪ್ಪು ಇದೇ, ಅದು ದೇವರನ್ನು ಕಣಗಳ ಸಾಲಿನಲ್ಲಿ ಇನ್ನೊಂದು ಕಾರಣವಾಗಿ ತಂದು ಕೂರಿಸುತ್ತದೆ ಎಂಬುದು ಹಾಟ್ ಅವರ ಅಭಿಪ್ರಾಯ. ವಿಜ್ಞಾನಕ್ಕೆ ಗೊತ್ತಿಲ್ಲದ ಜಾಗದಲ್ಲಿ ದೇವರನ್ನು ಇಟ್ಟರೆ, ನಾಳೆ ಅದು ಗೊತ್ತಾದಾಗ ದೇವರಿಗೆ ಎಲ್ಲಿ ಜಾಗ?

ಅಚ್ಚಿನ ತಪ್ಪು, ಮತ್ತು ಒಂದು ಚೆಕ್

ತರಗತಿಯಲ್ಲಿ ಹೆಸರಿಸಿದ ಪುಸ್ತಕ ‘ಪಾಂಡಾಗಳು ಮತ್ತು ಜನರು’ ಎಂಬ ಅರ್ಥದ ಶೀರ್ಷಿಕೆಯದು. ಅದರ ಹಳೆಯ ಕರಡುಪ್ರತಿಗಳನ್ನು ನ್ಯಾಯಾಲಯ ತರಿಸಿತು. ತತ್ವಶಾಸ್ತ್ರದ ಪ್ರಾಧ್ಯಾಪಕಿ ಬಾರ್ಬರಾ ಫಾರೆಸ್ಟ್ ಅವುಗಳನ್ನು ಒಂದೊಂದಾಗಿ ಹೋಲಿಸಿ ತೋರಿಸಿದರು. 1987ರ ಸರ್ವೋಚ್ಚ ತೀರ್ಪಿಗೆ ಮುಂಚಿನ ಕರಡುಗಳಲ್ಲಿ ‘ಸೃಷ್ಟಿ’ ಎಂದಿದ್ದಲ್ಲೆಲ್ಲ ನಂತರದ ಕರಡಿನಲ್ಲಿ ‘ಬುದ್ಧಿಯುತ ವಿನ್ಯಾಸ’ ಬಂದಿತ್ತು. ವಾಕ್ಯದ ಉಳಿದ ಭಾಗ ಹಾಗೆಯೇ ಇತ್ತು. ಒಂದು ಕಡೆಯಂತೂ ‘ಸೃಷ್ಟಿವಾದಿಗಳು’ ಎಂಬ ಪದವನ್ನು ಅಳಿಸಿ ‘ವಿನ್ಯಾಸ ಪ್ರತಿಪಾದಕರು’ ಎಂದು ಕೂರಿಸುವ ಅವಸರದಲ್ಲಿ ಹಳೆಯ ಪದದ ತಲೆಯೂ ಬಾಲವೂ ಹೊಸ ಪದಗಳ ಎರಡು ಬದಿಗೆ ಅಂಟಿಕೊಂಡು ಉಳಿದುಬಿಟ್ಟಿತ್ತು. ಹೆಸರು ಮಾತ್ರ ಬದಲು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆದರೆ ವಿಶ್ವಾಸಿಗಳಾದ ನಮಗೆ ಹೆಚ್ಚು ನೋವು ತರಬೇಕಾದ ಭಾಗ ಬೇರೆ ಇದೆ. ಈ ಪುಸ್ತಕದ ಸುಮಾರು 60 ಪ್ರತಿಗಳು ಶಾಲೆಗೆ ದಾನವಾಗಿ ಬಂದಿದ್ದವು. ದಾನ ಮಾಡಿದವರು ಯಾರು? ವಿಚಾರಣೆಗೆ ಮುಂಚೆ ಪ್ರಮಾಣವಚನ ಸ್ವೀಕರಿಸಿ ಹೇಳಿಕೆ ಕೊಟ್ಟಾಗ ಮಂಡಳಿಯ ಇಬ್ಬರು ಪ್ರಮುಖರು ಗೊತ್ತಿಲ್ಲವೆಂದರು. ನಂತರ ಒಂದು ಚೆಕ್ ಹೊರಬಂತು. ಇಬ್ಬರಲ್ಲಿ ಒಬ್ಬರು ತಮ್ಮ ಚರ್ಚಿನಲ್ಲಿ ನಿಂತು ಪುಸ್ತಕಕ್ಕಾಗಿ ಹಣ ಕೇಳಿದ್ದರು, ಸಂಗ್ರಹವಾದ 850 ಡಾಲರ್‌ಗೆ ತಾವೇ ಚೆಕ್ ಬರೆದಿದ್ದರು, ಅದು ಹೋದದ್ದು ಇನ್ನೊಬ್ಬರ ತಂದೆಯ ಹೆಸರಿಗೆ. ಸಭೆಯಲ್ಲಿ ‘ಸೃಷ್ಟಿವಾದ’ ಎಂಬ ಪದವನ್ನೇ ಬಳಸಿಲ್ಲವೆಂದು ಮಂಡಳಿಯವರು ಹೇಳಿದ್ದರು, ಟಿ.ವಿ. ಕ್ಯಾಮರಾದ ಮುಂದೆ ಅದೇ ಪದ ಬಳಸಿದ ದೃಶ್ಯವನ್ನು ನ್ಯಾಯಾಲಯದಲ್ಲಿ ತೋರಿಸಲಾಯಿತು. ಒಂದು ಹಂತದಲ್ಲಿ ನ್ಯಾಯಾಧೀಶರೇ ಸಾಕ್ಷಿಯನ್ನು ನೇರವಾಗಿ ಪ್ರಶ್ನಿಸತೊಡಗಿದರು. ತಮ್ಮ ಧರ್ಮಶ್ರದ್ಧೆಯನ್ನು ಸಾರ್ವಜನಿಕವಾಗಿ ಹೆಮ್ಮೆಯಿಂದ ಹೇಳಿಕೊಂಡವರೇ ತಮ್ಮ ಉದ್ದೇಶವನ್ನು ಮುಚ್ಚಲು ಮತ್ತೆ ಮತ್ತೆ ಸುಳ್ಳು ಹೇಳಿದ್ದು ವಿಪರ್ಯಾಸ ಎಂದು ಅವರು ತೀರ್ಪಿನಲ್ಲಿ ದಾಖಲಿಸಿದರು. ಆದಿಕಾಂಡದ ಮೊದಲ ಅಧ್ಯಾಯವನ್ನು ಉಳಿಸಲು ಹೊರಟವರು ಅದೇ ಬೈಬಲಿನ ವಿಮೋಚನಾಕಾಂಡದ ಇಪ್ಪತ್ತನೆಯ ಅಧ್ಯಾಯವನ್ನು ಮರೆತಿದ್ದರು. ಸುಳ್ಳುಸಾಕ್ಷಿ ಹೇಳಬೇಡ ಎಂಬ ಕಟ್ಟಳೆ ಇರುವುದು ಅಲ್ಲಿ.

ವಿಚಾರಣೆಯ ಕೊನೆಯ ದಿನ ನವೆಂಬರ್ 4. ಮಂಡಳಿಯ ವಕೀಲರೊಬ್ಬರು ಎದ್ದು, ಇದು ಆರಂಭವಾಗಿ ಇಂದಿಗೆ ನಲವತ್ತನೆಯ ದಿನ, ರಾತ್ರಿಯಾದರೆ ನಲವತ್ತನೆಯ ರಾತ್ರಿ, ತಾವು ಬೇಕೆಂದೇ ಹೀಗೆ ಮಾಡಿದಿರೋ ಎಂದು ಕೇಳಿದರು. ಕಾಕತಾಳೀಯ, ಅದರಲ್ಲಿ ವಿನ್ಯಾಸವೇನೂ ಇಲ್ಲ ಎಂದು ನ್ಯಾಯಾಧೀಶರು ಉತ್ತರಿಸಿದಾಗ ನ್ಯಾಯಾಲಯ ನಗೆಗಡಲಲ್ಲಿ ಮುಳುಗಿತಂತೆ.

ನಾಲ್ಕು ದಿನಗಳ ನಂತರ ಶಾಲಾ ಮಂಡಳಿಗೆ ಚುನಾವಣೆ. ಮರುಸ್ಪರ್ಧಿಸಿದ್ದ ಎಂಟು ಸದಸ್ಯರೂ ಸೋತರು. ಡಿಸೆಂಬರ್ 20ರಂದು 139 ಪುಟಗಳ ತೀರ್ಪು ಬಂತು: ಬುದ್ಧಿಯುತ ವಿನ್ಯಾಸ ವಿಜ್ಞಾನವಲ್ಲ, ಅದು ಸೃಷ್ಟಿವಾದದ ಇನ್ನೊಂದು ರೂಪ, ಅದನ್ನು ಸರಕಾರಿ ಶಾಲೆಯ ವಿಜ್ಞಾನ ತರಗತಿಗೆ ತರುವುದು ಸಂವಿಧಾನಕ್ಕೆ ವಿರುದ್ಧ. ವಿಕಾಸವಾದವನ್ನು ಒಪ್ಪಿದರೆ ದೇವರನ್ನು ಬಿಡಬೇಕಾಗುತ್ತದೆ ಎಂಬ ನಂಬಿಕೆಯೇ ಮೂಲದಲ್ಲಿ ತಪ್ಪು ಎಂದೂ ನ್ಯಾಯಾಧೀಶರು ಬರೆದರು. ತೀರ್ಪಿನ ನಂತರ ಬೆದರಿಕೆಗಳು ಬಂದು ಅವರಿಗೂ ಕುಟುಂಬಕ್ಕೂ ಭದ್ರತೆ ಕೊಡಬೇಕಾಯಿತು. ಹೊಸ ಮಂಡಳಿ ಮೇಲ್ಮನವಿ ಹಾಕಲಿಲ್ಲ, ಆದರೆ ಎದುರು ಪಕ್ಷದ ವಕೀಲರಿಗಾಗಿ ಸುಮಾರು ಹತ್ತು ಲಕ್ಷ ಡಾಲರ್ ತೆರಬೇಕಾಯಿತು. ಕೊನೆಗೆ ಆ ಹಣ ಹೋದದ್ದು ಊರವರ ತೆರಿಗೆಯಿಂದಲೇ.

ಧರ್ಮಸಭೆಯ ನಿಲುವೇನು?

ಇದೇ 2005ರಲ್ಲಿ ನಮ್ಮ ಮನೆಯೊಳಗೂ ಚರ್ಚೆ ನಡೆದಿತ್ತು. ಜುಲೈ 7ರಂದು ವಿಯೆನ್ನಾದ ಕಾರ್ಡಿನಲ್ ಕ್ರಿಸ್ಟೋಫ್ ಶೋನ್‌ಬೋರ್ನ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಲೇಖನ ಬರೆದು, ಸಮಾನ ಪೂರ್ವಜರೆಂಬ ಅರ್ಥದ ವಿಕಾಸ ನಿಜವಿರಬಹುದು, ಆದರೆ ಗುರಿಯೂ ಮಾರ್ಗದರ್ಶನವೂ ಇಲ್ಲದ ಕುರುಡು ಪ್ರಕ್ರಿಯೆ ಎಂಬುದು ನಿಜವಲ್ಲ ಎಂದರು. ಬುದ್ಧಿಯುತ ವಿನ್ಯಾಸದವರು ಇದನ್ನು ತಮ್ಮ ಬೆಂಬಲವೆಂದೇ ಎತ್ತಿ ತೋರಿಸಿದರು. ವ್ಯಾಟಿಕನ್ ಖಗೋಳ ವೀಕ್ಷಣಾಲಯದ ಅಂದಿನ ನಿರ್ದೇಶಕ, ಯೇಸುಸಭೆಯ ಫಾದರ್ ಜಾರ್ಜ್ ಕೋಯ್ನ್ ಬಹಿರಂಗವಾಗಿಯೇ ಉತ್ತರ ಕೊಟ್ಟರು. ಬುದ್ಧಿಯುತ ವಿನ್ಯಾಸ ವಿಜ್ಞಾನದ ವೇಷ ಹಾಕಿದರೂ ವಿಜ್ಞಾನವಲ್ಲ ಎಂಬುದು ಅವರ ಖಚಿತ ಮಾತು. ಅಕ್ಟೋಬರ್‌ನಲ್ಲಿ ಕಾರ್ಡಿನಲ್ ಅವರೂ ತಮ್ಮ ಮಾತನ್ನು ಸ್ಪಷ್ಟಪಡಿಸಿದರು: ವಿಜ್ಞಾನ ತನ್ನ ಎಲ್ಲೆಯೊಳಗೆ ಇರುವ ತನಕ ಸೃಷ್ಟಿಕರ್ತನಲ್ಲಿ ವಿಶ್ವಾಸಕ್ಕೂ ವಿಕಾಸವಾದಕ್ಕೂ ಜಗಳವಿಲ್ಲ. ಡೋವರ್ ತೀರ್ಪು ಬಂದ ಮರುತಿಂಗಳು, 2006ರ ಜನವರಿಯಲ್ಲಿ, ವ್ಯಾಟಿಕನ್ನಿನ ಪತ್ರಿಕೆ ‘ಒಸ್ಸೆರ್ವತೊರೆ ರೊಮಾನೊ’ದಲ್ಲಿ ಬೊಲೊನ್ಯಾದ ಗುರು ಹಾಗೂ ಜೀವಶಾಸ್ತ್ರ ಪ್ರಾಧ್ಯಾಪಕ ಫಿಯೊರೆಂಜೊ ಫಕ್ಕೀನಿ ಆ ತೀರ್ಪನ್ನು ಸಮರ್ಥಿಸಿ ಬರೆದರು.

ಧರ್ಮಸಭೆ ಆರಂಭದಿಂದಲೂ ಇಷ್ಟು ನಿರಾಳವಾಗಿತ್ತೆಂದು ಹೇಳಿದರೆ ತಪ್ಪಾದೀತು. 1896ರಲ್ಲಿ ಅಮೆರಿಕದ ಗುರು ಜಾನ್ ಜಾಮ್ ವಿಕಾಸಕ್ಕೂ ವಿಶ್ವಾಸಕ್ಕೂ ಹೊಂದಾಣಿಕೆ ಇದೆಯೆಂದು ಬರೆದ ಪುಸ್ತಕವನ್ನು ರೋಮ್ 1898ರಲ್ಲಿ ನಿಷೇಧಿಸಲು ತೀರ್ಮಾನಿಸಿತ್ತು. ಆ ಆದೇಶ ಪ್ರಕಟವಾಗಲಿಲ್ಲ, ಆದರೆ ಪುಸ್ತಕವನ್ನು ಅವರು ಹಿಂದೆಗೆದುಕೊಳ್ಳಬೇಕಾಯಿತು. ಬಾಗಿಲು ಅಧಿಕೃತವಾಗಿ ತೆರೆದದ್ದು 1950ರಲ್ಲಿ. ಮಾನವ ದೇಹವು ಮೊದಲೇ ಇದ್ದ ಜೀವಿಗಳಿಂದ ಬಂದಿದೆಯೇ ಎಂಬ ಸಂಶೋಧನೆಗೆ ಅಡ್ಡಿಯಿಲ್ಲ, ಆದರೆ ಆತ್ಮವನ್ನು ದೇವರೇ ನೇರವಾಗಿ ಸೃಷ್ಟಿಸುತ್ತಾರೆ ಎಂದು ಪೋಪ್ 12ನೇ ಪಿಯುಸ್ ‘ಹ್ಯೂಮಾನಿ ಜೆನೆರಿಸ್’ ಎಂಬ ವಿಶ್ವಪತ್ರದಲ್ಲಿ ತಿಳಿಸಿದರು. 1996ರ ಅಕ್ಟೋಬರ್ 22ರಂದು ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಗೆ ಕಳುಹಿಸಿದ ಸಂದೇಶದಲ್ಲಿ ಸಂತ ಎರಡನೇ ಜಾನ್ ಪಾವ್ಲ್ ಇನ್ನೊಂದು ಹೆಜ್ಜೆ ಮುಂದಿಟ್ಟು, ಹೊಸ ಅರಿವಿನ ಬೆಳಕಿನಲ್ಲಿ ವಿಕಾಸವಾದ ಬರೇ ಊಹೆಗಿಂತ ಹೆಚ್ಚಿನದು ಎಂದರು. ಮಾನವನ ಆತ್ಮವೂ ಜಡವಸ್ತುವಿನಿಂದಲೇ ಹುಟ್ಟಿತೆಂದು ಹೇಳುವ ವಾದಗಳನ್ನು ಮಾತ್ರ ಅವರು ಒಪ್ಪಲಿಲ್ಲ. 2014ರಲ್ಲಿ ಪೋಪ್ ಫ್ರಾನ್ಸಿಸ್ ಅದೇ ಅಕಾಡೆಮಿಯಲ್ಲಿ ಮಾತನಾಡುತ್ತಾ, ದೇವರು ಮಂತ್ರದಂಡ ಬೀಸುವ ಜಾದೂಗಾರನಲ್ಲ ಎಂದು ನೆನಪಿಸಿದರು.

ಇಲ್ಲಿ ನಮ್ಮ ಧರ್ಮೋಪದೇಶ ಶಿಕ್ಷಕರಿಗೆ ಒಂದು ಮಾತು. ಭಾನುವಾರ ಆದಿಕಾಂಡ ಕಲಿಸುವವರೇ ಸೋಮವಾರ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವುದು ನಮ್ಮ ಕಡೆ ಅಪರೂಪವಲ್ಲ. ‘ಟೀಚರ್, ಆದಾಮ ಬಂದದ್ದು ಮಣ್ಣಿನಿಂದಲೋ ಮಂಗನಿಂದಲೋ?’ ಎಂದು ಮಗು ಕೇಳಿದರೆ ಗದರಿಸಿ ಕೂರಿಸಬೇಡಿ. ಆದಿಕಾಂಡದ ಮೊದಲ ಎರಡು ಅಧ್ಯಾಯಗಳನ್ನು ಮಗುವಿನೊಂದಿಗೆ ತೆರೆಯಿರಿ. ಮೊದಲ ಅಧ್ಯಾಯದಲ್ಲಿ ಪ್ರಾಣಿಗಳು ಮೊದಲು, ಮನುಷ್ಯ ಕೊನೆಗೆ. ಎರಡನೆಯದರಲ್ಲಿ ಮನುಷ್ಯ ಮೊದಲು, ಪ್ರಾಣಿಗಳು ಆಮೇಲೆ. ಮೊದಲ ದಿನವೇ ಬೆಳಕಿದೆ, ಸೂರ್ಯ ಬರುವುದು ನಾಲ್ಕನೆಯ ದಿನ. ಇವನ್ನು ಸಂಪಾದಿಸಿ ಪಕ್ಕಪಕ್ಕದಲ್ಲಿ ಇಟ್ಟವರಿಗೆ ಈ ವ್ಯತ್ಯಾಸ ಕಾಣದೆ ಹೋಯಿತೇ? ಕಂಡಿತ್ತು. ಅವರು ಬರೆಯಹೊರಟದ್ದು ಪ್ರಯೋಗದ ವರದಿಯನ್ನಲ್ಲ. ಜಗತ್ತು ಯಾರದು, ಮನುಷ್ಯ ಯಾರು, ಅವನು ಏಕೆ ಎಡವಿದ ಎಂಬುದನ್ನು ಅವರು ಬರೆದರು. ಹೀಬ್ರೂ ಭಾಷೆಯಲ್ಲಿ ‘ಆದಾಮ’ ಮತ್ತು ಮಣ್ಣು ಎಂಬರ್ಥದ ‘ಆದಾಮಾ’ ಒಡಹುಟ್ಟಿದ ಪದಗಳು. ಸಂತ ಅಗಸ್ಟೀನರು ಸಾವಿರದ ಆರುನೂರು ವರ್ಷಗಳ ಹಿಂದೆಯೇ ಈ ಆರು ದಿನಗಳ ಬಗ್ಗೆ ತಲೆ ಕೆಡಿಸಿಕೊಂಡಿದ್ದರು. ಆಕಾಶ, ಭೂಮಿ, ಪ್ರಾಣಿಗಳ ಬಗ್ಗೆ ಅನ್ಯಧರ್ಮೀಯರಿಗೂ ತಿಳಿದಿರುವ ಸಂಗತಿಗಳಲ್ಲಿ ಕ್ರೈಸ್ತನೊಬ್ಬ ಬೈಬಲಿನ ಹೆಸರಿನಲ್ಲಿ ಅಸಂಬದ್ಧ ಮಾತಾಡಿದರೆ, ನಗೆಪಾಟಲಾಗುವುದು ಅವನೊಬ್ಬನೇ ಅಲ್ಲ, ಪುನರುತ್ಥಾನದ ಬಗ್ಗೆ ಅದೇ ಗ್ರಂಥ ಹೇಳುವುದನ್ನೂ ಜನ ನಂಬಲಾರರು ಎಂಬ ಅರ್ಥದಲ್ಲಿ ಅವರು ಎಚ್ಚರಿಸಿದ್ದರು.

ನಮ್ಮ ದೇಶದಲ್ಲಿ

ಭಾರತದಲ್ಲಿ ಈ ವಿವಾದ ಬಂದದ್ದು ಬೈಬಲಿನ ಹೆಸರಿನಲ್ಲಿ ಅಲ್ಲ. 2018ರ ಜನವರಿಯಲ್ಲಿ ಕೇಂದ್ರದ ಅಂದಿನ ಮಾನವ ಸಂಪನ್ಮೂಲ ರಾಜ್ಯ ಸಚಿವ ಸತ್ಯಪಾಲ್ ಸಿಂಗ್, ಡಾರ್ವಿನ್ ಸಿದ್ಧಾಂತ ವೈಜ್ಞಾನಿಕವಾಗಿ ತಪ್ಪು, ಮಂಗ ಮನುಷ್ಯನಾದದ್ದನ್ನು ನಮ್ಮ ಪೂರ್ವಜರು ಯಾರೂ ನೋಡಿದ್ದಾಗಿ ಹೇಳಿಲ್ಲ, ಪಠ್ಯದಲ್ಲಿ ಬದಲಾವಣೆ ಆಗಬೇಕು ಎಂದರು. ಇಂದಿನ ಮಂಗ ಮನುಷ್ಯನಾಯಿತೆಂದು ಡಾರ್ವಿನ್ ಎಲ್ಲಿಯೂ ಹೇಳಿರಲಿಲ್ಲ ಎಂಬುದು ಬೇರೆ ಮಾತು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಇದನ್ನು ಖಂಡಿಸಿದವು. ಇಂಥ ಹೇಳಿಕೆ ಬೇಡವೆಂದು ಅವರ ಹಿರಿಯ ಸಚಿವರೇ ಹೇಳಬೇಕಾಯಿತು.

2023ರ ಸಂಗತಿ ಇಷ್ಟು ಗದ್ದಲದ್ದಲ್ಲ, ಆದರೆ ಪರಿಣಾಮ ಹೆಚ್ಚು. ಕೋವಿಡ್ ಕಾಲದಲ್ಲಿ ಮಕ್ಕಳ ಹೊರೆ ಇಳಿಸಲೆಂದು ತಾತ್ಕಾಲಿಕವಾಗಿ ಕೈಬಿಟ್ಟಿದ್ದ ಭಾಗಗಳನ್ನು ಎನ್‌ಸಿಇಆರ್‌ಟಿ ಶಾಶ್ವತವಾಗಿ ತೆಗೆದ ಪರಿಣಾಮ, ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ವಿಕಾಸ’ ಎಂದಿದ್ದ ಅಧ್ಯಾಯ ಬರೇ ‘ಅನುವಂಶೀಯತೆ’ಯಾಗಿ ಉಳಿಯಿತು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ವಿಕಾಸದ ಪಾಠ ಇದೆ ಎಂಬುದು ಅಧಿಕಾರಿಗಳ ಉತ್ತರ. ಹತ್ತರ ನಂತರ ವಾಣಿಜ್ಯ, ಕಲಾ ವಿಭಾಗ ಅಥವಾ ಐಟಿಐ ಹಿಡಿಯುವ ಮಗುವಿಗೆ ಅದು ತಲುಪುವುದಿಲ್ಲ. 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಆಕ್ಷೇಪಿಸಿದರು.

ಉಳಿಸಿಕೊಂಡ ಅರ್ಧದಲ್ಲಿ ಇದ್ದದ್ದು ಗ್ರೆಗೊರ್ ಮೆಂಡೆಲ್ ಅವರ ಬಟಾಣಿ ಗಿಡಗಳ ಪ್ರಯೋಗ. ಮೆಂಡೆಲ್ ಇಂದಿನ ಚೆಕ್ ದೇಶದ ಬರ್ನೊ ನಗರದ ಅಗಸ್ಟ��ನಿಯನ್ ಮಠದ ಗುರು, ಮುಂದೆ ಅದರ ಮಠಾಧೀಶರು. ಮಠದ ತೋಟದಲ್ಲಿ ಎಂಟು ವರ್ಷ ಬಟಾಣಿ ಬೆಳೆಸಿ, ಎಣಿಸಿ, 1866ರಲ್ಲಿ ಫಲಿತಾಂಶ ಪ್ರಕಟಿಸಿದವರು. ತಂದೆ–ತಾಯಿಯ ಗುಣಗಳು ಮಕ್ಕಳಿಗೆ ಹೇಗೆ ದಾಟುತ್ತವೆ ಎಂಬುದು ಡಾರ್ವಿನ್ನನಿಗೆ ಕೊನೆಯವರೆಗೂ ಬಿಡಿಸಲಾಗದ ಒಗಟಾಗಿತ್ತು. ಅದರ ಉತ್ತರ ಈ ಗುರುಗಳ ಲೇಖನದಲ್ಲಿತ್ತು, ಡಾರ್ವಿನ್ ಅದನ್ನು ನೋಡಲಿಲ್ಲ. ಇಬ್ಬರ ಕೆಲಸವನ್ನು ಜೋಡಿಸಿಯೇ ಇಪ್ಪತ್ತನೇ ಶತಮಾನದ ಜೀವಶಾಸ್ತ್ರ ಬೆಳೆದದ್ದು. ಮೆಂಡೆಲ್ ಮಾತ್ರ ಡಾರ್ವಿನ್ನನನ್ನು ಓದಿದ್ದರು. ಅವರು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡ, ಡಾರ್ವಿನ್ನನ ಪುಸ್ತಕದ ಜರ್ಮನ್ ಅನುವಾದದ ಪ್ರತಿ ಇಂದಿಗೂ ಉಳಿದಿದೆ.